ಹರಕೆ ಅಣ್ಣನದು, ಕೈ ನನ್ನದು

೧೧ ಏಪ್ರಿಲ್ ೧೯೭೯, ಕೆರೂರ

ಇಂದು ಬೆಳಿಗ್ಗೆ ಒಂದು ಕರಿ ಇರುವೆ ಅಪ್ಪನ ಬಲಗೈ ಮೇಲೆ ಮೊಣಕೈಯಿಂದ ಕಿರುಬೆರಳಿನ ತನಕ ನಡೆದುಹೋಯಿತು. ಉಗುರಿನ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು ಕಂಬಳಿಗೆ ಇಳಿಯಿತು. ಅಪ್ಪ ಎಚ್ಚರವಾಗಿಯೇ ಇದ್ದ. ಅವನಿಗೆ ಗೊತ್ತಾಗಲಿಲ್ಲ. ನನ್ನ ಕೈಗೇ ಕಚಗುಳಿಯಾದಂತಾಯಿತು.

ಲಕ್ವಾ ಹೊಡೆದು ಇಪ್ಪತ್ತಾರು ದಿನ. ಬಾಗಲಕೋಟೆಯ ದವಾಖಾನೆಯಿಂದ ಮನೆಗೆ ತಂದು ಹತ್ತು ದಿನ. ಬರುವಾಗ ಡಾಕ್ಟರು ಅಣ್ಣನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದ್ದರು: ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಮಾತು ಅಷ್ಟಿಷ್ಟು ಬಂದೀತು. ಕಾಲು ಮಾತ್ರ ಬರುವುದಿಲ್ಲ. ಅಣ್ಣ ಮೂರಕ್ಕೂ “ಹೂಂನ್ರಿ” ಎಂದ.

ಸದ್ಯ ಅಪ್ಪನ ಬಾಯಲ್ಲಿ ಉಳಿದಿರುವುದು ಒಂದೇ ಮಾತು: “ಹೊಡಿ.” ಚಿಕ್ಕವನಿದ್ದಾಗ ಮೇಯಿಸಲು ಕುರಿ ಹೊಡೆದ, ಆಮೇಲೆ ನಲವತ್ತು ವರ್ಷ ಕಂಬಳಿ ಮಗ್ಗದಲ್ಲಿ ಕೂತ. ಎಲ್ಲಿಂದ ಬಂತೋ ಆ ಮಾತು. ನೀರು ಬೇಕಾದರೂ ಹೊಡಿ, ನೊಣ ಕೂತರೂ ಹೊಡಿ, ಚಹಾ ಚೆನ್ನಾಗಿದ್ದರೂ ಹೊಡಿ. ನಾಲ್ಕು ವರ್ಷ ಸಾಹಿತ್ಯ ಓದಿದವಳು ನಾನು. ಒಂದೇ ಶಬ್ದಕ್ಕೆ ದಿನವೆಲ್ಲ ಅರ್ಥ ಹುಡುಕುತ್ತಿದ್ದೇನೆ.

ಅವ್ವ ಹೋಗಿ ಆರು ವರ್ಷವಾಯಿತು. ಅಣ್ಣ ಅಮಸಿದ್ದಪ್ಪನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಕಂಬಳಿ ಅಂಗಡಿಯಿದೆ. ಅವನ ಹೆಂಡತಿ, ವೈನಿ ರಂಗವ್ವ, ಮಾವನ ಎದುರಿಗೆ ಬರುವಂತಿಲ್ಲ. ಈ ಮನೆಗೆ ಬಂದ ಏಳು ವರ್ಷದಲ್ಲಿ ಅಪ್ಪ ಅವಳ ಮುಖ ನೋಡಿಲ್ಲ. ಊಟದ ತಾಟನ್ನು ಹೊಸ್ತಿಲ ಮೇಲಿಟ್ಟು, ಬಳೆ ಸಪ್ಪಳ ಮಾಡಿ ಒಳಗೆ ಹೋಗುತ್ತಾಳೆ. ಹೀಗಾಗಿ ಉಳಿದವಳು ನಾನು. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಬಿ.ಎ. ಮುಗಿಸಿ ಮನೆಯಲ್ಲಿ ಕೂತವಳಿಗೆ ಬೇರೇನು ಕೆಲಸ? ನನಗೇನೂ ತ್ರಾಸಿಲ್ಲ.

೧೫ ಏಪ್ರಿಲ್

ಇಂದು ಹನ್ನೊಂದು ಮಂದಿ ನೋಡಲು ಬಂದಿದ್ದರು. ಹನ್ನೊಂದು ಕಪ್ಪು, ಹನ್ನೊಂದು ಬಸಿ. ಎಲ್ಲವನ್ನೂ ತೊಳೆದೆ.

ಮಲಕಪ್ಪ ಕಾಕಾ ಕೈಚೀಲದಲ್ಲಿ ಜೀವಂತ ಪಾರಿವಾಳ ತಂದಿದ್ದ. ಅದರ ಬಿಸಿ ರಕ್ತ ಹಚ್ಚಿ ತಿಕ್ಕಿದರೆ ಎಂಟು ದಿನದಲ್ಲಿ ಕೈ ಏಳುತ್ತದಂತೆ. ಚೀಲದ ಬಾಯಿ ಬಿಚ್ಚುವುದೇ ತಡ, ಅದು ಬೆಳಕಿಂಡಿಯಿಂದ ಹಾರಿಹೋಯಿತು. ವೈನಿ ಬಾಗಿಲ ಹಿಂದಿನಿಂದಲೇ, “ಅದಕ್ಕ ಲಕ್ವಾ ಹೊಡದಿಲ್ಲ ನೋಡ್ರಿ ಕಾಕಾ, ಹಾರಿತು” ಎಂದಳು. ಅಪ್ಪ ಅರ್ಧ ಬಾಯಿಯಲ್ಲಿ ನಕ್ಕ. ಲಕ್ವಾ ಹೊಡೆದ ಮೇಲೆ ಅದೇ ಮೊದಲ ನಗು.

ಬಾದಾಮಿಯಿಂದ ಸಕ್ರವ್ವ ಅತ್ತೆಯೂ ಬಂದಿದ್ದಳು. ಅಪ್ಪನ ಒಬ್ಬಳೇ ಅಕ್ಕ. ನನ್ನ ತಲೆಯ ಮೇಲೆ ಕೈಯಿಟ್ಟು ಎಲ್ಲರಿಗೂ ಕೇಳುವಂತೆ, “ಹೆಣ್ಣ ಹುಟ್ಟಿದ್ರ ಹಿಂಥಾದ ಹುಟ್ಟಬೇಕ ನೋಡ್ರೆವಾ. ಬಾಯಾಗ ನಾಲಿಗಿಲ್ಲ, ಕೈಯಾಗ ಬ್ಯಾಸರಿಲ್ಲ” ಎಂದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. ನನಗೆ ಸಂತೋಷವೇ ಆಯಿತು. ಆಮೇಲೆ ಅತ್ತೆ ಅಪ್ಪನ ಬೆನ್ನು ನೋಡಿ, “ಏನಿದು, ಕೆಂಪಗಾಗೇತಿ? ಸರಿಯಾಗಿ ನೋಡಬೇಕವಾ” ಎಂದು ಹೇಳಿ ನಾಲ್ಕರ ಬಸ್ಸಿಗೆ ಹೋದಳು.

ಬೆನ್ನು ಕೆಂಪಾಗಿದ್ದು ಕಂಬಳಿಯಿಂದ. ತಾನೇ ನೇಯ್ದ ಕರಿ ಕಂಬಳಿ ಬಿಟ್ಟು ಬೇರೆಯದರ ಮೇಲೆ ಅಪ್ಪ ಮಲಗುವುದಿಲ್ಲ. ಉಣ್ಣೆ ಚುಚ್ಚುತ್ತದೆ. ಮೇಲೊಂದು ಮೆತ್ತನೆಯ ಕೌದಿ ಹಾಸಿದರೆ ಎಡಗೈಯಿಂದ ಎಳೆದು ಕೆಳಗೆ ಹಾಕುತ್ತಾನೆ. ನಾನು ಮತ್ತೆ ಹಾಸುತ್ತೇನೆ. ಇವತ್ತು ಏಳು ಸಲ.

೧೯ ಏಪ್ರಿಲ್

ಭಾರ ಎತ್ತುವುದೇ ಕಷ್ಟವೆಂದು ಜನ ತಿಳಿದಿದ್ದಾರೆ. ಭಾರಕ್ಕೊಂದು ಉಪಾಯವಿದೆ: ಅವನ ಮೊಣಕಾಲಿಗೆ ನನ್ನ ಮೊಣಕಾಲು ಕೊಟ್ಟು, ಕಂಕುಳಿಗೆ ಟಾವೆಲ್ ಸುತ್ತಿ, ಉಸಿರು ಬಿಗಿಹಿಡಿದು ಎಳೆದರೆ ಕೂರುತ್ತಾನೆ.

ಸ್ನಾನಕ್ಕೆ ಉಪಾಯವಿಲ್ಲ. ನಾನು ಮೇಲೆ ಜಂತಿ ನೋಡುತ್ತೇನೆ, ಅಪ್ಪ ಗೋಡೆ ನೋಡುತ್ತಾನೆ. ನನ್ನ ಕೈಗೆ ಕಣ್ಣಿಲ್ಲವೆಂದು ಅಂದುಕೊಳ್ಳುತ್ತೇನೆ. ಇಂದು ನೀರು ಹಾಕುವಾಗ ಅಪ್ಪನ ಗಂಟಲಿನಿಂದ ಸಣ್ಣ ಸಪ್ಪಳ ಬಂತು. ಸೋಪು ಕಣ್ಣಿಗೆ ಹೋಯಿತೇನೋ ಎಂದು ಬಗ್ಗಿ ನೋಡಿದೆ. ಸೋಪಲ್ಲ.

ಅಣ್ಣ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ. “ಅಣ್ಣಾ, ಒಂದೀಟ...” ಎಂದೆ. “ಅಂಗಡಿಗೆ ಹೊತ್ತಾತ ತಂಗಿ” ಎಂದ. ನಾನೇ ಟಾವೆಲ್ ಸುತ್ತಿ ಅಪ್ಪನನ್ನು ಎತ್ತಿದೆ.

೨೨ ಏಪ್ರಿಲ್

ಅಪ್ಪ ಎಡಗೈಯಿಂದ ನನ್ನ ಕೆನ್ನೆಗೆ ಹೊಡೆದ. ಗಂಜಿ ಬಿಸಿಯಿತ್ತು. ತಪ್ಪು ನನ್ನದೇ.

೨೬ ಏಪ್ರಿಲ್, ಅಮಾವಾಸ್ಯೆ

ಬೀರಪ್ಪನ ಗುಡಿಗೆ ಹೋಗಿದ್ದೆವು. ಅಣ್ಣ ಅಪ್ಪನ ಸಲುವಾಗಿ ಹರಕೆ ಹೊತ್ತಿದ್ದಾನೆ. ಪೂಜಾರಿ ಗುರಲಿಂಗಪ್ಪಜ್ಜ ಭಂಡಾರದ ಅರಿಸಿನದಲ್ಲಿ ಅದ್ದಿದ ಉಣ್ಣೆ ಕಂಕಣ ಹಿಡಿದು ನಿಂತಿದ್ದ. ಅಣ್ಣ ಅವನ ಕಿವಿಯಲ್ಲಿ ಏನೋ ಹೇಳಿದ. ಅಜ್ಜ ನನ್ನ ಕಡೆ ನೋಡಿದ. ಗುಡಿ ತುಂಬ ಜನ, ಎಲ್ಲರ ಕಣ್ಣೂ ನನ್ನ ಮೇಲೆ. ನನ್ನ ಕಿವಿ ಬಿಸಿಯಾದವು. ಬೇಗ ಮುಗಿಯಲಿ ಎಂದು ಕೈ ಒಡ್ಡಿದೆ.

ಕಂಕಣ ಕಟ್ಟಿದ ಕೈ ಊರ ಸೀಮೆ ದಾಟಬಾರದು. ನಾನೆಲ್ಲಿ ಹೋಗುವವಳು? ಮುಂದಿನ ಅಮಾವಾಸ್ಯೆಗೆ ಬಿಚ್ಚುತ್ತಾರೆ.

೩ ಮೇ

ಹುನಗುಂದದಿಂದ ಪತ್ರ ಬಂದಿದೆ!

ಫೆಬ್ರುವರಿಯಲ್ಲಿ ಗೆಳತಿ ಚಂದವ್ವ ಒತ್ತಾಯ ಮಾಡಿ ಅರ್ಜಿ ಹಾಕಿಸಿದ್ದಳು. ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವುದು. ಸದ್ಯಕ್ಕೆ ಒಂದು ವರ್ಷದ ಮಟ್ಟಿಗೆ, ಆಮೇಲೆ ನೋಡೋಣ ಎಂದು ಬರೆದಿದ್ದಾರೆ. ಜೂನ್ ಒಂದರಂದು ಹಾಜರಾಗದಿದ್ದರೆ ಮುಂದಿನವರನ್ನು ಕರೆಯುತ್ತಾರಂತೆ. ಇರಲು ಚಂದವ್ವನ ಕೋಣೆಯಿದೆ. ಅವಳು ಅಲ್ಲೇ ಕೆಲಸದಲ್ಲಿದ್ದಾಳೆ. ಪತ್ರವನ್ನು ನಾಲ್ಕು ಸಲ ಓದಿದೆ. ‘ಕುಮಾರಿ ಸಾವಂತ್ರವ್ವ ಹುಲ್ಲಪ್ಪ’ ಎಂದು ಟೈಪು ಮಾಡಿದ್ದಾರೆ. ನನ್ನ ಹೆಸರು ಟೈಪಿನಲ್ಲಿ ಗಟ್ಟಿಯಾಗಿ ಕಾಣುತ್ತದೆ.

ಊಟಕ್ಕೆ ಕೂತಾಗ ಅಣ್ಣನಿಗೆ ಹೇಳಿದೆ. ರೊಟ್ಟಿ ಮುರಿಯುತ್ತಲೇ ಅವನೆಂದ:

“ಕೈಯಾಗ ಕಂಕಣ ಐತೆಲ್ಲವಾ.”

“ಮುಂದಿನ ಅಮಾಸಿಗಿ ಬಿಚ್ಚತಾರಲ್ಲಣ್ಣಾ. ಜೂನ ಒಂದಕ್ಕ ಇನ್ನೂ...”

“ಯಾರ ಹೇಳಿದ್ರು ಅಮಾಸಿಗಿ ಅಂತ? ಅಪ್ಪ ತನ್ನ ಕಾಲಮ್ಯಾಲೆ ನಡಕೊಂತ ಗುಡಿಗಿ ಬರೂತನಕ ಅಂತ ಬೇಡ್ಕೊಂಡೇನಿ.”

“ಕಾಲ ಬರೂದಿಲ್ಲ ಅಂತ ಡಾಕ್ಟರ್ ಹೇಳಿದ್ದು ನೀನೂ ಕೇಳಿದಿ.”

“ಡಾಕ್ಟರಗಿಂತ ದೇವರು ದೊಡ್ಡಾಂವ.” ಇನ್ನೊಂದು ರೊಟ್ಟಿಗೆ ತಾಟು ಮುಂದೆ ಮಾಡಿದ.

೪ ಮೇ

ಬಾರದ ಕಾಲಿಗೆ ನನ್ನ ಕೈ ಕಟ್ಟಿದ್ದಾರೆ.

೧೧ ಮೇ

ಒಬ್ಬಳೇ ಗುಡಿಗೆ ಹೋದೆ. ಗುರಲಿಂಗಪ್ಪಜ್ಜ ಕಟ್ಟೆಯ ಮೇಲೆ ಕೂತು ಡೊಳ್ಳಿನ ಹಗ್ಗ ಬಿಗಿಯುತ್ತಿದ್ದ. ದಾರಿಯಲ್ಲಿ ಹತ್ತು ಸಲ ಹೇಳಿಕೊಂಡು ಬಂದಿದ್ದ ಮಾತು ಅವನೆದುರು ಅರ್ಧವಾಯಿತು.

“ಅಜ್ಜಾ, ಇದನ್ನ ಯಾರ ಕೈಗೆ ಕಟ್ಟೂದು ಪದ್ಧತಿ?”

“ಬೇಡ್ಕೊಂಡಾವ್ರ ಕೈಗೆ.”

“ಬೇಡ್ಕೊಂಡಾಂವ ನಮ್ಮಣ್ಣ.”

“ಹೂಂ. ‘ನಾ ಯಾಪಾರಕ್ಕ ಬಾಗಲಕೋಟಿ, ಬದಾಮಿ ತಿರಗಾಂವ, ಸೀಮಿ ದಾಟೂದ ತಪ್ಪೂದಿಲ್ಲ. ಸೇವಾ ಮಾಡಾಕಿ ತಂಗಿ, ಆಕಿ ಕೈಗೆ ಕಟ್ರಿ’ ಅಂದ. ನಾ ನಿನ್ನ ಮಾರಿ ನೋಡಿದೆ. ನೀ ಕೈ ಒಡ್ಡಿದಿ, ನಾ ಕಟ್ಟಿದೆ.”

“ನನಗ ಇದೆಲ್ಲಾ ಗೊತ್ತಿರಲಿಲ್ಲರಿ.”

“ಕೇಳಿದ್ರ ಹೇಳತಿದ್ದೆ. ನಾಕ ಮಂದಿ ಮುಂದ ಬಾಯಿ ತಗ್ಯಾಕ ನಾಚಿಕಿ, ಕೈ ಕೊಡಾಕ ನಾಚಿಕಿಲ್ಲ. ಭಾಳ ಕಲತೀಯಂತಲ್ಲವಾ ನೀ?”

ಸಿಟ್ಟು ಬಂತು. ಅವನು ಅಂದದ್ದು ಖರೆ ಇದ್ದುದರಿಂದ ಇನ್ನೂ ಹೆಚ್ಚು ಬಂತು. ಬಿಚ್ಚಲು ಬರುತ್ತದೆಯೇ ಎಂದು ಕೇಳಿದೆ. ಹೊತ್ತ ಹರಕೆ ತೀರುವ ತನಕ ಬಿಚ್ಚಲು ಬರುವುದಿಲ್ಲವಂತೆ. ಆದರೆ ಹೊತ್ತವನೇ ಬಂದು ಕೈ ಒಡ್ಡಿದರೆ ಅವನ ಕೈಗೆ ದಾಟಿಸಬಹುದು, ಅದೂ ಅಮಾವಾಸ್ಯೆಯ ದಿನವೇ.

“ಅವ ಒಡ್ಡತಾನಂತಿ?” ಎಂದು ಅಜ್ಜ ಡೊಳ್ಳಿಗೆ ಒಂದು ಏಟು ಹಾಕಿ ನೋಡಿದ.

೧೭ ಮೇ

ಇಂದು ಬೆಳಿಗ್ಗೆ ಅಪ್ಪನನ್ನು ಬಚ್ಚಲಿಗೆ ಒಯ್ಯಲಿಲ್ಲ. ನೀರು ಕಾಸಿ, ಟಾವೆಲ್ ಇಟ್ಟು, ಅಣ್ಣ ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತೆ.

“ಅಪ್ಪಗ ನೀರ ಹಾಕು.”

“ನಾನ? ಅದೆಲ್ಲಾ ನೀನ ಮಾಡತೀಯಲ್ಲ.”

“ಸೊಸಿ ಮಾವನ್ನ ಮುಟ್ಟಬಾರದು ಖರೆ. ಮಗ ಅಪ್ಪನ್ನ ಮುಟ್ಟಬಾರದು ಅಂತ ಯಾವ ದೇವರು ಹೇಳ್ಯಾನ?”

ಅಣ್ಣ ವೈನಿಯ ಕಡೆ ನೋಡಿದ. ವೈನಿ ಒಲೆಯ ಕಡೆ ನೋಡಿದಳು. ಅವನು ಅಂಗಿ ತೋಳು ಮಡಚಿಕೊಂಡು ಗೊಣಗುತ್ತಾ ಒಳಗೆ ಹೋದ.

ಏನು ಪೇಚಾಟ! ಮೊಣಕಾಲಿಗೆ ಮೊಣಕಾಲು ಕೊಡೆಂದು ಬಾಗಿಲ ಹೊರಗಿನಿಂದ ನಾನು ಹೇಳುವುದು, “ಗೊತ್ತೈತಿ, ಗೊತ್ತೈತಿ” ಎಂದು ಅವನು ಜಾರುವುದು. ತಂಬಿಗೆ ಉರುಳಿತು. ಅಣ್ಣನ ಧೋತರ ಪೂರ್ತಿ ತೊಯ್ದಿತು. “ಯಪ್ಪಾ, ಸುಮ್ನ ಕುಂದರೋ” ಎಂದ. “ಹೊಡಿ!” ಎಂದ ಅಪ್ಪ. ಮತ್ತೆ ಅದೇ ಅರ್ಧ ನಗು ಕೇಳಿಸಿತು.

ಟಾವೆಲ್ ಕೊಡಲು ಬಾಗಿಲು ಸರಿಸಿದಾಗ ನೋಡಿದೆ. ಅಪ್ಪ ಗೋಡೆಯ ಕಡೆ ತಿರುಗಿರಲಿಲ್ಲ. ಮಗನ ಮುಖ ನೋಡುತ್ತಾ ಕೂತಿದ್ದ.

ಇದನ್ನು ನಾನು ಮಾತ್ರ ಮಾಡಬಲ್ಲೆ ಎಂದು ಒಂದೂವರೆ ತಿಂಗಳಿನಿಂದ ತಿಳಿದಿದ್ದೆ. ಈಗ ಹಗುರವಾಗಬೇಕಾಗಿತ್ತು. ಮಧ್ಯಾಹ್ನದ ತನಕ ಎದೆಯಲ್ಲಿ ಏನೋ ಚುಚ್ಚುತ್ತಲೇ ಇತ್ತು. ನನ್ನದೆಂದುಕೊಂಡಿದ್ದನ್ನು ಯಾರೋ ಎತ್ತಿಕೊಂಡು ಹೋದ ಹಾಗೆ. ನಾಚಿಕೆಯ ಮಾತು, ಆದರೆ ಬರೆದಿಡುತ್ತೇನೆ.

೨೧ ಮೇ

ಸಕ್ರವ್ವ ಅತ್ತೆ ಮತ್ತೆ ಬಂದಿದ್ದಳು. ಹುನಗುಂದದ ಸುದ್ದಿ ಬಾದಾಮಿಗೆ ಮುಟ್ಟಿದೆ.

“ಕಲ್ತ ಹುಡಿಗ್ಯಾರ ಕತಿ ಇಷ್ಟ. ಹಾಸಗಿ ಹಿಡದ ಅಪ್ಪನ್ನ ಬಿಟ್ಟು ನೌಕರಿ ಅಂತ! ಕಂಕಣದ ಕೈ ಸೀಮಿ ದಾಟಿದ್ರ ಕೇಡ ನಿನಗಲ್ಲ, ಮಲಗಿದಾಂವಗ. ತಿಳೀತಿಲ್ಲೊ?”

“ಅತ್ತಿ, ಎಂಟ ದಿನ ನೀ ಇರು.”

“ಆಂ?”

“ಎಂಟ ದಿನ ಇದ್ದು ತಮ್ಮನ್ನ ನೋಡಕೋ. ಎರಡ ತಾಸಿಗೊಮ್ಮಿ ಮಗ್ಗಲಾ ಬದಲಸೂದು, ಅಷ್ಟ. ಬೆನ್ನ ಕೆಂಪಾಗಬಾರದು ಮತ್ತ.”

“ನನ್ನ ಆಡ ಯಾರ ನೋಡಬೇಕವಾ? ಎರಡ ಈಯಾಕ ಬಂದಾವ.”

“ಅವನ್ನೂ ಕರಕೊಂಡ ಬಾ.”

ವೈನಿಗೆ ಒಳಗೆ ನಗು ತಡೆಯದೆ ಕೆಮ್ಮು ಬಂತು. ಅತ್ತೆ ಚಹಾ ಕುಡಿಯದೆ ಎದ್ದಳು. ಒಂದು ಕಪ್ಪು ತೊಳೆಯುವುದು ತಪ್ಪಿತು.

ಮಧ್ಯಾಹ್ನ ವೈನಿ ನನ್ನ ಪಕ್ಕ ಕೂತು, “ಸಾವಂತ್ರಿ, ನಾನೂ ಉಣಸ್ತಿದ್ನೆಲ್ಲ. ಯಾರರ ಉಣಸು ಅಂದ್ರ ತಾನ?” ಎಂದಳು.

“ಅಪ್ಪನ ಎದರಿಗೆ ಬರತೀಯೇನ?”

“ಏಳ ವರ್ಸ ಬಳಿ ಸಪ್ಪಳಾ ಮಾಡೇನಿ. ಸಾಕಾಗೇತಿ.”

ಸೆರಗು ಮೂಗಿನ ತನಕ ಎಳೆದುಕೊಂಡು ಗಂಜಿ ಬಟ್ಟಲು ಹಿಡಿದು ಒಳಗೆ ನಡೆದಳು. ನಾನು ಬಾಗಿಲಲ್ಲಿ ನಿಂತೆ. ಬಟ್ಟಲು ಎಗರೀತು ಎಂದುಕೊಂಡೆ. ಅಪ್ಪ ಒಮ್ಮೆ ಬಳೆಯ ಕಡೆ ನೋಡಿದ. ಆಮೇಲೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಬಾಯಿ ತೆರೆದ. ಗಂಜಿ ಮುಗಿಯುವ ತನಕ ಕಣ್ಣು ತೆರೆಯಲಿಲ್ಲ. ಸೊಸೆ ಎದುರಿಗೆ ಬಂದದ್ದನ್ನು ಅವನು ನೋಡಿಯೇ ಇಲ್ಲ, ಹೀಗಾಗಿ ಯಾವ ಪದ್ಧತಿಯೂ ಮುರಿಯಲಿಲ್ಲ!

೨೬ ಮೇ, ಅಮಾವಾಸ್ಯೆ

ಪೂಜೆ ಮುಗಿದು ಜನ ಭಂಡಾರಕ್ಕೆ ಸಾಲುಗಟ್ಟಿ ನಿಂತಿದ್ದರು. ನನ್ನ ಸರದಿ ಬಂದಾಗ ಕಂಕಣದ ಕೈ ಮುಂದೆ ಮಾಡಿದೆ.

“ಅಜ್ಜಾ, ಇದನ್ನ ದಾಟಸ್ರಿ. ಅಣ್ಣಾ, ಹರಕಿ ನಿಂದು. ಕೈ ಒಡ್ಡು.”

ಡೊಳ್ಳು ನಿಂತಿತ್ತೋ ಅಥವಾ ನನಗೇ ಕೇಳಿಸಲಿಲ್ಲವೋ. ಅಣ್ಣ ಹತ್ತಿರ ಬಂದು ಪಿಸುದನಿಯಲ್ಲಿ, “ಮನಿ ಮಾತ ಮನ್ಯಾಗ ಆಡೂಣು ನಡಿ” ಎಂದ.

“ಮನ್ಯಾಗ ಕಟ್ಟಿಲ್ಲ. ಇಲ್ಲೇ ಕಟ್ಯಾರ, ಇಲ್ಲೇ ಆಡೂಣು.”

“ಅಂಗಡಿ ಯಾರ ನೋಡಾವ್ರು? ನಾ ಸೀಮಿ ದಾಟದಿದ್ರ ಉಣ್ಣಿ ಎಲ್ಲಿಂದ ಬರಬೇಕು?”

“ನಿನಗ ಹೋಗಬೇಕಂತ ಗೊತ್ತಿತ್ತು, ಅದಕ್ಕ ನಿನ್ನ ಕೈಗೆ ಕಟ್ಟಿಸಿಕೊಳ್ಳಲಿಲ್ಲ. ನನಗೂ ಹೋಗೂದೈತಿ. ಜೂನ ಒಂದಕ್ಕ ನಾ ಹುನಗುಂದಕ್ಕ ಹೋಗಾಕಿ. ನೀ ಕೈ ಒಡ್ಡಿದ್ರ ಬರಿಗೈಲೆ ಹೋಗತೇನಿ. ಒಡ್ಡದಿದ್ರ ಇದನ್ನ ಕಟಗೊಂಡ ಹೋಗತೇನಿ.”

ಅಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಸಣ್ಣವನಿದ್ದಾಗ ಮಾಸ್ತರು ಛಡಿ ಎತ್ತಿದರೆ ಹೀಗೇ ನಿಲ್ಲುತ್ತಿದ್ದನಂತೆ, ಅವ್ವ ಹೇಳುತ್ತಿದ್ದಳು. ಆಮೇಲೆ ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದ. ಗುರಲಿಂಗಪ್ಪಜ್ಜ ನನ್ನ ಹಣೆಗೆ ಭಂಡಾರ ಹಚ್ಚಿ ಮುಂದಿನವರನ್ನು ಕರೆದ.

ಮನೆಗೆ ಬಂದು ಅಪ್ಪನ ಮಗ್ಗುಲು ಬದಲಿಸಿದೆ.

೨೯ ಮೇ

ಅಪ್ಪನಿಗೆ ನಾನೇ ಹೇಳಿದೆ. ಅವನ ಎಡಕ್ಕೆ, ಕಾಣುವ ಹಾಗೆ ಕೂತು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ನೌಕರಿ, ಊರು, ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವುದು, ಕಂಕಣ.

ಹರಸುತ್ತಾನೆಂದು ಎಲ್ಲೋ ಆಸೆಯಿತ್ತು. ಅವನು ಹಿತ್ತಾಳೆ ಲೋಟ ಎತ್ತಿ ಒಗೆದ. ಮಗ್ಗದ ಕಂಬಕ್ಕೆ ಬಡಿದು ನೆಗ್ಗಿತು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು, “ಹೊಡಿ, ಹೊಡಿ” ಎಂದು ಕೂಗಿದ. ಹೆದರಿಕೆಯೆಂದು ನನಗೆ ಗೊತ್ತಾಯಿತು. ಇಷ್ಟು ದಿನದಲ್ಲಿ ಆ ಒಂದು ಶಬ್ದದ ಬಣ್ಣಗಳೆಲ್ಲ ಗೊತ್ತಾಗಿವೆ. ಅವನ ಹೆದರಿಕೆಯೇ ನನಗೆ ಎಲ್ಲಕ್ಕಿಂತ ಭಾರ. ಸಿಟ್ಟಿದ್ದರೆ ಎಷ್ಟೋ ಸುಲಭವಾಗುತ್ತಿತ್ತು.

“ಯಪ್ಪಾ, ಶನಿವಾರ ಬರತೇನಿ” ಎಂದೆ. ಮುಖ ತಿರುಗಿಸಿದ.

ಲೋಟ ತಂದು ನೀರು ತುಂಬಿ ಮತ್ತೆ ಅಲ್ಲೇ ಇಟ್ಟೆ. ಅಳಲಿಲ್ಲ. ಹೋಗುವುದಿಲ್ಲ ಎಂದು ಸಮಾಧಾನಕ್ಕೆ ಕೂಡ ಹೇಳಲಿಲ್ಲ.

೩೧ ಮೇ

ಅಣ್ಣ ಐದು ದಿನದಿಂದ ನನ್ನೊಡನೆ ಮಾತಾಡಿಲ್ಲ. ಆದರೆ ದಿನಾ ಬೆಳಿಗ್ಗೆ ಧೋತರ ಮೊಣಕಾಲಿನ ಮೇಲೆ ಕಟ್ಟಿಕೊಂಡು ಬಚ್ಚಲಿಗೆ ಬರುತ್ತಾನೆ. ಇವತ್ತು ಅಪ್ಪ ಜಾರಲಿಲ್ಲ. ಕೌದಿ ಹಾಸುವುದನ್ನು ಮಾತ್ರ ಅವನಿನ್ನೂ ಕಲಿತಿಲ್ಲ. ಮೂಲೆಯನ್ನು ಅಪ್ಪನ ಎಡಗೈಗೆ ಸಿಗದಂತೆ ಒಳಕ್ಕೆ ಸಿಕ್ಕಿಸಬೇಕು. ವೈನಿಗೆ ತೋರಿಸಿದ್ದೇನೆ.

ಅತ್ತೆ ಬಾದಾಮಿಯಿಂದ ಹೇಳಿಕಳಿಸಿದ್ದಾಳೆ: ಏನಾದರೂ ಆದರೆ ನಿನ್ನ ತಲೆಗೆ.

ಆಗಬಹುದು. ನಾನು ಆ ಊರಲ್ಲಿ ಮಕ್ಕಳಿಗೆ ಪದ್ಯ ಓದಿಸುತ್ತಿರುವಾಗ ಇಲ್ಲಿ ಅಪ್ಪನ ಉಸಿರು ನಿಲ್ಲಬಹುದು. ಆಗ ಸೀಮೆ ದಾಟಿ ಕೊಂದಳು ಎನ್ನುತ್ತಾರೆ. ನಾನು ಇಲ್ಲೇ ಇರುವಾಗ ಹೋದರೆ ಅವನ ಆಯುಷ್ಯ ಮುಗಿದಿತ್ತು ಎನ್ನುತ್ತಾರೆ. ಎರಡರಲ್ಲೂ ಅಪ್ಪನಿಗೆ ವ್ಯತ್ಯಾಸವಿಲ್ಲ. ಹೆದರಿಕೆಯಿದೆ, ಇರಲಿ. ಹೆದರಿಕೆ ಹೋದ ಮೇಲೆ ಹೋಗುತ್ತೇನೆ ಎಂದು ಕೂತರೆ ಎಂದೂ ಹೋಗುವುದಾಗುವುದಿಲ್ಲ.

ಚೀಲ ತುಂಬಿದ್ದೇನೆ: ಎರಡು ಸೀರೆ, ಪತ್ರ, ಈ ನೋಟ್‌ಬುಕ್ಕು. ಕಂಕಣವನ್ನು ಬಳೆಯ ಕೆಳಗೆ ಅಡಗಿಸು ಎಂದಳು ವೈನಿ. ಅಡಗಿಸುವುದಿಲ್ಲ.

ನಾಳೆ ಬೆಳಿಗ್ಗೆ ಆರೂಕಾಲಿಗೆ ಬಸ್ಸು, ಬಾಗಲಕೋಟೆಯಲ್ಲಿ ಬದಲಿಸಬೇಕು. ಅಣ್ಣನನ್ನು ಐದಕ್ಕೇ ಎಬ್ಬಿಸುತ್ತೇನೆ. ಚೀಲ ನಾನೇ ಹೊರುತ್ತೇನೆ. ಐದಕ್ಕೆ ಅಪ್ಪನ ಮಗ್ಗುಲು ಬದಲಿಸಬೇಕು, ಅದನ್ನು ಅವನು ಮಾಡಲಿ.